ವಿಶ್ವವಿದ್ಯಾನಿಲಯ ನೌಕರರ ಜ್ಞಾನವಿನಿಮಯಕ್ಕೆ ಪೋಷಕವಾದ ಸೇವಾನಿಯಮಗಳನ್ನು ಕೋರಿ ಮನವಿ ಪತ್ರ

ಮಾನ್ಯ ಅಧ್ಯಕ್ಷರು, ಆಂಧ್ರಪ್ರದೇಶ ರಾಜ್ಯ ಉನ್ನತ ಶಿಕ್ಷಣ ಮಂಡಳಿ, ಇವರ ಸನ್ನಿಧಿಗೆ,

ವಿಜಯವಾಡ ಹಾಗೂ ವಿಶಾಖಪಟ್ಟಣಗಳ ವಿಶ್ವವಿದ್ಯಾನಿಲಯಗಳಲ್ಲಿ ಸೇವೆ ಸಲ್ಲಿಸುತ್ತಿರುವ ಕನ್ನಡಿಗ ಅಧ್ಯಾಪಕರೂ ಅಧ್ಯಾಪಕೇತರ ನೌಕರರೂ ವಿನಯಪೂರ್ವಕವಾಗಿ ಮಾಡಿಕೊಳ್ಳುವ ಅರಿಕೆ.

ಮಾನ್ಯರೇ,

ಇಂದ್ರಕೀಲಾದ್ರಿಯ ತಪ್ಪಲಿನ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, 1926ರಲ್ಲಿ ಜನ್ಮ ತಾಳಿ, 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿನ ಕಡಲತಡಿಗೆ ನೆಲೆ ಬದಲಿಸಿದ ಆಂಧ್ರ ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಅದಕ್ಕೆ ಮುನ್ನ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯನ್ನು ನಡೆಸಿದವರು. 1931ರಲ್ಲಿ ಆ ಪೀಠವನ್ನಲಂಕರಿಸಿದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರೂ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದವರೇ. ಒಂದು ಸೀಮೆಯಲ್ಲಿ ಗಳಿಸಿದ ಅನುಭವವನ್ನು ಮತ್ತೊಂದು ಸೀಮೆಗೆ ಧಾರೆಯೆರೆಯಲು ಅಂದು ಸಾಧ್ಯವಾಗಿದ್ದರೆ, ಇಂದು ಒಂದೇ ಕಟ್ಟಡದ ಎರಡು ಕೊಠಡಿಗಳ ನಡುವೆಯೂ ಅರಿವು ಹರಿಯದಂತಾಗಿರುವುದು ನಮಗೆ ತೀವ್ರ ವ್ಯಥೆಯನ್ನುಂಟುಮಾಡಿದೆ. ಇದಕ್ಕೆ ಜನರ ಸ್ವಭಾವಕ್ಕಿಂತ ನೇಮಕಾತಿ, ಬಡ್ತಿ, ನಿವೃತ್ತಿಗಳ ಪದ್ಧತಿಯೇ ಹೆಚ್ಚು ಕಾರಣವೆಂದು ನಮ್ಮ ದೃಢವಾದ ನಂಬಿಕೆ.

ನಮ್ಮಲ್ಲಿ ಅನೇಕರು ಗುತ್ತಿಗೆಯ ಮೇಲೆ ದುಡಿಯುವವರು. ವರ್ಷಾಂತ್ಯದಲ್ಲಿ ಆದೇಶವು ನವೀಕೃತವಾಗುವುದೋ ಇಲ್ಲವೋ ಎಂದು ಕಾದು ಕುಳಿತ ನೌಕರನು, ಹಳೆಯ ಅಂಕಪಟ್ಟಿಯ ಕಟ್ಟುಗಳನ್ನು ಹುಡುಕಿ ತೆಗೆಯುವ ಕ್ರಮವನ್ನಾಗಲಿ, ಕಡಲಗಾಳಿಯ ತೇವಕ್ಕೆ ಮುಗ್ಗರಿಸುವ ಪ್ರಯೋಗಶಾಲೆಯ ಯಂತ್ರವನ್ನು ಹದಕ್ಕೆ ತರುವ ಬಗೆಯನ್ನಾಗಲಿ, ತನ್ನ ಡೈರಿಯಲ್ಲಿ ಮಾತ್ರ ಗುರುತುಹಾಕಿಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರೆ, ಅವನನ್ನು ಸ್ವಾರ್ಥಿಯೆಂದು ಜರೆಯುವುದು ನ್ಯಾಯವಲ್ಲ. ತಾನೊಬ್ಬನೇ ಬಲ್ಲ ಕೆಲಸವೇ ಅವನ ಅನ್ನಕ್ಕೆ ಆಧಾರ. ಇಂದು ಕಲಿಸಿಕೊಟ್ಟರೆ ನಾಳೆ ಕಲಿತವನಿಗೇ ಆದೇಶ ಬಂದೀತೆಂಬ ಭಯ ಅವನದು. ಕಾಯಂ ನೌಕರನು ನಿವೃತ್ತನಾದಾಗಲೂ ಶಾಲು ಹೊದಿಸಿ ಹಾರ ಹಾಕುತ್ತೇವೆ, ಬೀಗದ ಕೈ ಪಡೆಯುತ್ತೇವೆ. ಆದರೆ ಮೂವತ್ತು ವರ್ಷಗಳ ಅವನ ತಿಳಿವಳಿಕೆಯನ್ನು ಪಡೆದುಕೊಳ್ಳಬೇಕಾದವನ ನೇಮಕವೇ ಆಗಿರುವುದಿಲ್ಲ.

ಅಧ್ಯಾಪಕರ ಕಷ್ಟ ಬೇರೆ ಬಗೆಯದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಾವಳಿಯಂತೆ, ಇಬ್ಬರು ಕೂಡಿ ಬರೆದ ಸಂಶೋಧನ ಪ್ರಬಂಧಕ್ಕೆ ಬಡ್ತಿಯ ಲೆಕ್ಕದಲ್ಲಿ ತಲಾ ಶೇ. 70ರಷ್ಟು ಅಂಕ, ಮೂವರೋ ಹೆಚ್ಚು ಮಂದಿಯೋ ಆದರೆ ಮುಖ್ಯ ಲೇಖಕರಿಗೆ ಶೇ. 70, ಇತರರಿಗೆ ತಲಾ ಶೇ. 30. ಕಿರಿಯರ ಕರಡನ್ನು ರಾತ್ರಿ ಕುಳಿತು ತಿದ್ದಿದವರಿಗೂ, ಹೊಸದಾಗಿ ಬಂದವರಿಗೆ ತಮ್ಮ ಪಾಠದ ಟಿಪ್ಪಣಿಗಳನ್ನೆಲ್ಲ ಒಪ್ಪಿಸಿದವರಿಗೂ ಅಂಕವೇ ಇಲ್ಲ. ಆಯೋಗದ ಈ ಅಂಕಗಳ ಪಟ್ಟಿಯನ್ನು ತಿದ್ದುವ ಅಧಿಕಾರ ತಮ್ಮದಲ್ಲವೆಂದು ಬಲ್ಲೆವು. ಆದರೂ ತಿದ್ದಬೇಕೆಂದು ಮಂಡಳಿಯು ಆಯೋಗಕ್ಕೆ ಬರೆದರೆ ಆ ಮಾತಿಗೆ ತೂಕವುಂಟು.

ಆದಕಾರಣ, ಗುತ್ತಿಗೆಯ ಅವಧಿಯನ್ನು ಕನಿಷ್ಠ ಮೂರು ವರ್ಷಗಳಿಗೆ ವಿಸ್ತರಿಸಿ, ಇತರರಿಗೆ ಕೆಲಸ ಕಲಿಸಿದುದನ್ನು ನವೀಕರಣದ ಸಮಯದಲ್ಲಿ ಅರ್ಹತೆಯೆಂದು ಗಣಿಸುವಂತೆಯೂ, ನಿವೃತ್ತಿಗೆ ಮೂರು ತಿಂಗಳು ಮುಂಚಿತವಾಗಿಯೇ ಉತ್ತರಾಧಿಕಾರಿಯನ್ನು ನೇಮಿಸಿ ಇಬ್ಬರನ್ನೂ ಒಂದೇ ಮೇಜಿನಲ್ಲಿ ಕೂರಿಸುವಂತೆಯೂ, ಗುಮಾಸ್ತರು, ಗ್ರಂಥಪಾಲಕರು, ಪ್ರಯೋಗಶಾಲಾ ಸಹಾಯಕರು ಪರಸ್ಪರ ಕಲಿಯುವುದಕ್ಕೆ ಕಚೇರಿಯ ವೇಳೆಯಲ್ಲಿಯೇ, ಸಂಬಳ ಕಡಿತವಿಲ್ಲದೆ, ವಾರಕ್ಕೊಂದು ಗಂಟೆ ಮೀಸಲಿಡುವಂತೆಯೂ ವಿಶ್ವವಿದ್ಯಾನಿಲಯಗಳಿಗೆ ಸೂಚಿಸಬೇಕೆಂದು ಪ್ರಾರ್ಥಿಸುತ್ತೇವೆ. ಇವುಗಳಲ್ಲಿ ಮೊದಲನೆಯದು ಈಡೇರದಿದ್ದರೆ ಉಳಿದವು ಕಾಗದದ ಮೇಲೆಯೇ ಉಳಿದಾವು.

ಈ ಬಗ್ಗೆ ತೀರ್ಮಾನ ಕೈಗೊಳ್ಳುವ ಮುನ್ನ ಗುತ್ತಿಗೆ ನೌಕರರ ಪ್ರತಿನಿಧಿಗಳನ್ನು ಕರೆಸಿ ಅವರ ಅಹವಾಲನ್ನು ಕೇಳಬೇಕಾಗಿಯೂ ಕೋರುತ್ತೇವೆ. ಮನವಿಯ ತೆಲುಗು ಪ್ರತಿಯನ್ನು ಇದರೊಡನೆ ಲಗತ್ತಿಸಿದೆ.

ಇತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ಅಧ್ಯಾಪಕರು ಮತ್ತು ನೌಕರರು
ವಿಜಯವಾಡ