ಕಂಪೈಲರಿನ ವ್ಯಾಕರಣಪಾಠ

ಏಳರಿಂದ ಮೂರನ್ನು ಕಳೆದು, ಉಳಿದುದರಿಂದ ಎರಡನ್ನು ಕಳೆದರೆ ಎರಡು ಉಳಿಯುವುದೆಂದು ಪ್ರಾಥಮಿಕ ಶಾಲೆಯ ಬಾಲಕನೂ ಬಲ್ಲನು. ಆದರೆ ಪ್ರಯೋಗಶಾಲೆಯ ಲೆಕ್ಕಗಳಿಗೆಂದು ಹಿಂದೊಮ್ಮೆ ನಾವೇ ಬರೆದ ಚಿಕ್ಕ ಪ್ರೋಗ್ರಾಮೊಂದು ೭ - ೩ - ೨ ಎಂಬುದಕ್ಕೆ ೬ ಎಂದು ಉತ್ತರ ಕೊಟ್ಟಿತು. ಯಂತ್ರವು ಕಳೆಯುವುದರಲ್ಲಿ ತಪ್ಪಿರಲಿಲ್ಲ, ಓದುವುದರಲ್ಲಿ ತಪ್ಪಿತ್ತು. ೩ - ೨ ಎಂಬುದನ್ನು ಮೊದಲು ಒಟ್ಟುಗೂಡಿಸಿ, ಬಂದ ಒಂದನ್ನು ಏಳರಿಂದ ಕಳೆದಿತ್ತು.

ನಾವು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರು, ಮೊದಲು ಅದರ ಪದಗಳಿಗೆ ಪರಸ್ಪರ ಸಂಬಂಧವೇನೆಂದು ಗೊತ್ತುಮಾಡಿಕೊಳ್ಳಬೇಕಷ್ಟೆ. ಇದಕ್ಕೆ ಪಾರ್ಸಿಂಗ್ ಎಂದು ಹೆಸರು; ದಾರಿಗಳು ಎರಡು. ಮೇಲಿನಿಂದ ಕೆಳಗಿಳಿಯುವ ಕ್ರಮವು ವ್ಯಾಕರಣಸೂತ್ರದಿಂದ ಹೊರಟು, 'ಈಗ ಇಂಥದು ಬರಬೇಕು' ಎಂದು ನಿರೀಕ್ಷಿಸುತ್ತ ಸಾಗುತ್ತದೆ. ಕೆಳಗಿನಿಂದ ಮೇಲೇರುವ ಕ್ರಮವಾದರೋ, ಬಂದ ಪದಗಳನ್ನು ಒಂದರ ಮೇಲೊಂದು ಪೇರಿಸುತ್ತ, ಯಾವುದಾದರೊಂದು ಸೂತ್ರ ಪೂರ್ಣವಾದೊಡನೆ ಅವನ್ನು ಒಂದೇ ಘಟಕವಾಗಿ ಅಡಕಮಾಡುತ್ತದೆ. ಹಳಗನ್ನಡ ಪದ್ಯಕ್ಕೆ ಅನ್ವಯ ಹೇಳುವಾಗ, ಕ್ರಿಯಾಪದವನ್ನು ಹಿಡಿದು 'ಯಾರು? ಏನನ್ನು?' ಎಂದು ಕೇಳುವ ವಿದ್ಯಾರ್ಥಿ ಮೊದಲ ದಾರಿಯವನು; ಬಿಡಿಪದಗಳನ್ನು ಕೂಡಿಸುತ್ತ ಬರುವವನು ಎರಡನೆಯವನು. (ಹೋಲಿಕೆಯನ್ನು ಇನ್ನೂ ಮುಂದಕ್ಕೆ ಎಳೆದರೆ ಹರಿದೀತು.)

ಎರಡನೆಯದು ಹೆಚ್ಚು ಸಮರ್ಥವೆಂಬುದರಲ್ಲಿ ವಿವಾದವಿಲ್ಲ. ಡೊನಾಲ್ಡ್ ಕ್ನೂತ್ ಅವರು ೧೯೬೫ರಲ್ಲಿ ಇದಕ್ಕೆ ಭದ್ರವಾದ ಗಣಿತದ ತಳಹದಿ ಹಾಕಿದರು. ಇಳಿಯುವ ಕ್ರಮವು ಹಿಂದಿರುಗಿ ನೋಡದೆ ಓದಬಲ್ಲ ವ್ಯಾಕರಣಗಳೆಲ್ಲವೂ ಇದಕ್ಕೆ ಸಾಧ್ಯ; ಅದಕ್ಕೆ ಅಸಾಧ್ಯವಾದ ಅನೇಕವೂ ಸಾಧ್ಯ. ಬೇಕಾಗುವ ಕೋಷ್ಟಕಗಳು ಮಾತ್ರ ಅತಿ ದೊಡ್ಡವಾಗಿದ್ದುವು. ಅವನ್ನು ಕಿರಿದುಮಾಡುವ ಉಪಾಯವನ್ನು ೧೯೬೯ರಲ್ಲಿ ಫ್ರಾಂಕ್ ಡಿರೆಮರ್ ಕಂಡುಹಿಡಿದರು. ಮುಂದೆ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ರಚಿಸಿದ 'ಯಾಕ್' ಎಂಬ ಸಾಧನಕ್ಕೆ ಸೂತ್ರಗಳನ್ನು ಒಪ್ಪಿಸಿದರೆ, ಕೋಷ್ಟಕವನ್ನು ಅದೇ ಕಟ್ಟಿಕೊಡುತ್ತಿತ್ತು.

ಇದರಿಂದ, ಇಳಿಯುವ ಕ್ರಮವು ಮಕ್ಕಳಾಟ, ಏರುವ ಕ್ರಮವೇ ವಿದ್ವತ್ತು ಎಂಬ ಭಾವನೆ ಹಲವು ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಕೋಷ್ಟಕದ ಮನೆಗಳನ್ನು ತಪ್ಪಿಲ್ಲದೆ ತುಂಬಿ ಅಂಕ ಪಡೆದವರು, ಐದು ಪದಗಳ ವಾಕ್ಯವನ್ನು ಓದುವ ಪ್ರೋಗ್ರಾಮನ್ನು ಸ್ವಂತವಾಗಿ ಬರೆಯಲಾರದುದನ್ನು ನಾವು ಕಂಡಿದ್ದೇವೆ. ಈ ಭಾವನೆಯನ್ನು ನಾವು ಒಪ್ಪುವುದಿಲ್ಲ.

ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ಜಿಸಿಸಿ ಎಂಬ ಕಂಪೈಲರನ್ನೇ ನೋಡಿರಿ. ಅದರ ರಚನಕಾರರು ೨೦೦೪ರಲ್ಲಿ ಸಿ ಪ್ಲಸ್ ಪ್ಲಸ್ ಭಾಷೆಗೂ ೨೦೦೬ರಲ್ಲಿ ಸಿ ಭಾಷೆಗೂ, ಸಾಧನವು ಕಟ್ಟಿಕೊಟ್ಟ ಕೋಷ್ಟಕಗಳನ್ನು ಕೈಬಿಟ್ಟು, ಕೈಯಾರೆ ಬರೆದ ಇಳಿಯುವ ಪಾರ್ಸರುಗಳನ್ನು ಅಳವಡಿಸಿದರು. ಹೆಚ್ಚು ಸಮರ್ಥವಾದುದನ್ನು ಬಿಟ್ಟರೇಕೆ? ಸಾಮರ್ಥ್ಯವೊಂದೇ ಗುಣವಲ್ಲ. ಇಳಿಯುವ ಪಾರ್ಸರಿಗೆ ತಾನು ಏನನ್ನು ನಿರೀಕ್ಷಿಸುತ್ತಿದ್ದೆನೆಂಬುದು ಸದಾ ತಿಳಿದಿರುತ್ತದೆ. ಆದುದರಿಂದ 'ಇಲ್ಲಿ ಆವರಣಚಿಹ್ನೆ ಮುಚ್ಚಿಲ್ಲ' ಎಂದು ಬೆರಳಿಟ್ಟು ತೋರಿಸುವಂತೆ ಅದನ್ನು ಬರೆಯುವುದು ಸುಲಭ. ಕೋಷ್ಟಕದಿಂದಲೂ ಇದನ್ನು ಹೇಳಿಸಬಹುದು. ಆದರೆ ಶ್ರಮ ಹೆಚ್ಚು. ಪ್ರೋಗ್ರಾಮು ಬರೆಯುವುದನ್ನು ಈಗತಾನೆ ಕಲಿಯುತ್ತಿರುವವನಿಗೆ 'ವಾಕ್ಯದೋಷ' ಎಂಬ ಒಂದೇ ಮಾತು ಯಾವ ದಾರಿ ತೋರಿಸೀತು?

ಇಳಿಯುವ ಕ್ರಮಕ್ಕೆ ಕುಂದಿಲ್ಲವೆಂದಲ್ಲ. ನಮ್ಮ ಆರು ಬಂದುದು ಅಲ್ಲಿಂದಲೇ. 'ವ್ಯವಕಲನವೆಂದರೆ ಒಂದು ವ್ಯವಕಲನ, ಅನಂತರ ಕಳೆಯುವ ಚಿಹ್ನೆ, ಅನಂತರ ಸಂಖ್ಯೆ. ಅಥವಾ ಬರಿಯ ಸಂಖ್ಯೆ' ಎಂಬ ಸೂತ್ರವನ್ನು ಏರುವ ಕ್ರಮ ನಿರಾಯಾಸವಾಗಿ ನಿರ್ವಹಿಸುತ್ತದೆ. ಇಳಿಯುವವನಾದರೋ ವ್ಯವಕಲನವನ್ನು ಹುಡುಕಲು ಮೊದಲು ವ್ಯವಕಲನವನ್ನೇ ಹುಡುಕಬೇಕು. ಒಂದು ಪದವನ್ನೂ ಓದದೆ ಗಾಣದೆತ್ತಿನಂತೆ ಸುತ್ತುತ್ತಾನೆ. ಇದರಿಂದ ಪಾರಾಗಲು ನಾವು ಸೂತ್ರವನ್ನು ಎಡಬಲ ತಿರುಗಿಸಿದೆವು. ಸುತ್ತುವುದು ನಿಂತಿತು, ಅರ್ಥ ಕೆಟ್ಟಿತು. ಮೊದಲ ಸಂಖ್ಯೆಯನ್ನು ಓದಿಕೊಂಡು, ಕಳೆಯುವ ಚಿಹ್ನೆ ಕಾಣುತ್ತಿರುವವರೆಗೂ ಈವರೆಗಿನ ಫಲದಿಂದ ಮುಂದಿನದನ್ನು ಕಳೆಯುತ್ತ ಹೋಗುವುದೇ ಸರಿಯಾದ ಪರಿಹಾರ.

ಈ ತಪ್ಪನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕೈಯಿಂದಲೇ ಮಾಡಿ ತಿದ್ದಿಕೊಳ್ಳಬೇಕೆಂಬುದು ನಮ್ಮ ಮತ. ಮೊದಲ ಎರಡು ವಾರ ಕೋಷ್ಟಕದ ಮಾತೆತ್ತದೆ, ಕೂಡುವ, ಕಳೆಯುವ, ಗುಣಿಸುವ ಲೆಕ್ಕಗಳನ್ನು ಓದುವ ಇಳಿಯುವ ಪಾರ್ಸರನ್ನು ಬರೆಯಿಸಲಿ. ಕ್ನೂತ್ ಅವರ ಕ್ರಮವನ್ನು ಆಮೇಲೆ ಕಲಿಸಿದರೆ, ಅದು ಯಾವ ತೊಡಕಿಗೆ ಪರಿಹಾರವೆಂಬುದು ಅವರಿಗೆ ಆಗಲೇ ತಿಳಿದಿರುತ್ತದೆ.