ಅಹವಾಲೆಂಬ ಶಾಸ್ತ್ರ

2020ರ ಜನವರಿಯಲ್ಲಿ ಕಾರವಾರದ ಮೀನುಗಾರರು ಬಂದರಿನ ವಿಸ್ತರಣೆಯನ್ನು ವಿರೋಧಿಸಿ ಬೀದಿಗಿಳಿದಾಗ ನನ್ನ ಮಿತ್ರರೊಬ್ಬರು ಕಾಫಿ ಹೀರುತ್ತ, “ಇವರೆಲ್ಲ ಅಭಿವೃದ್ಧಿಗೆ ಅಡ್ಡಗಾಲು” ಎಂದರು. ತಮ್ಮ ಮನೆಯ ಮುಂದಿನ ಮೋರಿಯನ್ನು ತಿಳಿಸದೆ ಅಗೆದರೆಂದು ಪತ್ರಿಕೆಗೆ ಮೂರು ಪತ್ರ ಬರೆದ ಮಹನೀಯರು ಇವರೇ!

ಬಂದರೇ ಬೇಡವೆಂಬ ವಾದ ನನ್ನದಲ್ಲ. ನನ್ನ ತಕರಾರೆಲ್ಲ ‘ಸಾರ್ವಜನಿಕ ಅಹವಾಲು ಸಭೆ’ ಎಂಬ ಶಾಸ್ತ್ರದ ಮೇಲೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಇದಕ್ಕೆ 30 ದಿನ ಮೊದಲು ತಿಳಿವಳಿಕೆ ಕೊಡಬೇಕು. ಜಿಲ್ಲಾಧಿಕಾರಿಯೋ ಅವರ ಪರವಾಗಿ ಹಿರಿಯ ಅಧಿಕಾರಿಯೋ ಮೇಲ್ವಿಚಾರಣೆ ವಹಿಸಬೇಕು. ಸರಿಯೇ. ಆದರೆ ಸಭೆಗೆ ಕೋರಂ ಬೇಕಾಗಿಲ್ಲವೆಂದೂ ಅದರಲ್ಲೇ ಬರೆದಿದೆ. ನಮ್ಮ ಬಡಾವಣೆಯ ವಾಚನಾಲಯದ ವಾರ್ಷಿಕ ಸಭೆಗೂ ಕೋರಂ ಉಂಟು. ಕಡಲಿಗೆ ಮಾತ್ರ ಇಲ್ಲ! ಜನ ಹೇಳಿದ್ದನ್ನು ಬರೆದುಕೊಳ್ಳುವರು, ಯೋಜನೆಯವರು ಅದಕ್ಕೊಂದು ಸಮಾಧಾನ ಬರೆದು ವರದಿಗೆ ಸೇರಿಸುವರು. ಅಲ್ಲಿಗೆ ಶಾಸ್ತ್ರ ಮುಗಿಯಿತು.

ಓದಿಕೊಂಡಾದರೂ ಹೋಗೋಣವೆಂದರೆ, ಕನ್ನಡದಲ್ಲಿ ಕೊಡಲೇಬೇಕಾದುದು ಸಾರಾಂಶ ಮಾತ್ರ. ಮರಳು ಎತ್ತ ಸರಿದೀತು, ಹೂಳೆಷ್ಟು ಎತ್ತುವರು, ಅದನ್ನು ಎಲ್ಲಿ ಸುರಿಯುವರು ಎಂಬ ಲೆಕ್ಕ ಸಾಮಾನ್ಯವಾಗಿ ಇಂಗ್ಲಿಷಿನ ದಪ್ಪ ವರದಿಯೊಳಗೆ ಅಡಗಿರುತ್ತದೆ. ರಂಪಣಿ ಎಳೆಯುವವನಿಗೆ ಬೇಕಾದುದು ಆ ಲೆಕ್ಕವೇ. ಬಲೆಯನ್ನು ದಡಕ್ಕೆಳೆಯಲು ಅವನಿಗೆ ತೆರೆದ ಮರಳದಂಡೆ ಬೇಕು. ನಮಗದು ಸಂಜೆಯ ಗಾಳಿ ಸೇವಿಸುವ ಜಾಗ, ಅವನಿಗೆ ಕಾರ್ಖಾನೆ.

ಅವನ ಭಯ ಬರಿಯ ಕಲ್ಪನೆಯೂ ಅಲ್ಲ. ಮದರಾಸಿನಲ್ಲಿ 1876ರಲ್ಲಿ ಬಂದರಿನ ಅಲೆತಡೆ ಗೋಡೆಗಳ ಕೆಲಸ ಆರಂಭವಾಯಿತು. ದಕ್ಷಿಣದಿಂದ ಉತ್ತರಕ್ಕೆ ದಂಡೆಯುದ್ದಕ್ಕೂ ಸರಿಯುತ್ತಿದ್ದ ಮರಳು ಗೋಡೆಗೆ ತಡೆದು ನಿಂತಿತು. ದಕ್ಷಿಣದಲ್ಲಿ ಮರೀನಾ ಅಗಲವಾಯಿತು. ಉತ್ತರದಲ್ಲಿ, ರಾಯಪುರಂ ಕಡೆಯ ದಂಡೆಯನ್ನು ಸಮುದ್ರ ತಿಂದಿತು. ಮರೀನಾದಲ್ಲಿ ಸುಂಡಲ್ ಮೆಲ್ಲುತ್ತ ಕುಳಿತ ಎಷ್ಟು ಮಂದಿ ಪ್ರವಾಸಿಗರಿಗೆ ಉತ್ತರದ ಆ ಮನೆಗಳ ನೆನಪಾದೀತು? ನಾನೂ ಅಲ್ಲಿ ಕುಳಿತವನೇ, ನನಗಂತೂ ಆಗಿರಲಿಲ್ಲ.

ಕಾರವಾರದವರು ಕೊನೆಗೆ ಹೈಕೋರ್ಟಿನ ಬಾಗಿಲು ಬಡಿಯಬೇಕಾಯಿತು. ಪ್ರತಿಯೊಂದು ಕುಪ್ಪದವರೂ ವಕೀಲರನ್ನು ಹುಡುಕಿಕೊಂಡು ಅಷ್ಟು ದೂರ ಬರಬಲ್ಲರೆ? ಪೂರ್ತಿ ವರದಿ ಕನ್ನಡದಲ್ಲಿ ಬರಲಿ, ಸಭೆಗೆ ಬಹಳ ಮುಂಚೆಯೇ. ಬಂದರು ಎದ್ದ ಮೇಲೂ ವರ್ಷವರ್ಷ ದಂಡೆಯನ್ನು ಅಳೆದು, ಆ ಅಳತೆಯನ್ನು ಮೀನುಪೇಟೆಯ ಗೋಡೆಯ ಮೇಲೆ ಬರೆಯಲಿ. ಅಳೆಯುವ ದಿನ ಟೇಪಿನ ಒಂದು ತುದಿ ಇಂಜಿನಿಯರರ ಕೈಯಲ್ಲಿರಲಿ, ಇನ್ನೊಂದು ತುದಿಯನ್ನು ಆ ಊರಿನ ಮೀನುಗಾರನೇ ಹಿಡಿಯಲಿ.