ಬೊಕ್ಕಸದ ಬಾಗಿಲು ತೆರೆದಾಗ

ಸಾಲ ಕೊಡುವವನಿಗೆ ನಷ್ಟದ ಅಂಜಿಕೆಯೇ ಇಲ್ಲವಾದರೆ ಕೇಳುವವನ ಪೂರ್ವಾಪರವನ್ನು ಅವನೇಕೆ ವಿಚಾರಿಸಿಯಾನು? 2020ರ ಮೇ ತಿಂಗಳಲ್ಲಿ, ಕೋವಿಡ್ ಹಾವಳಿಗೆ ಸಿಕ್ಕಿದ ಸಣ್ಣ ವ್ಯಾಪಾರಗಳ ರಕ್ಷಣೆಗೆಂದು ಬ್ರಿಟಿಷ್ ಸರ್ಕಾರವು ‘ಬೌನ್ಸ್ ಬ್ಯಾಕ್’ ಸಾಲದ ಯೋಜನೆಯನ್ನು ಜಾರಿಗೆ ತಂದಿತು. ಗರಿಷ್ಠ ಮೊತ್ತ 50,000 ಪೌಂಡು. ಕೊಡುವವರು ಬ್ಯಾಂಕಿನವರು, ಪೂರ್ಣ ಜಾಮೀನು ಸರ್ಕಾರದ್ದು. ಅರ್ಜಿದಾರನು ತನ್ನ ವಹಿವಾಟಿನ ಬಗ್ಗೆ ತಾನೇ ಬರೆದುಕೊಟ್ಟ ಮಾತೇ ಪ್ರಮಾಣ!

ಹಣ ಬೇಗನೆ ತಲಪಿತು. ಅನೇಕ ಅಂಗಡಿಗಳು ಉಳಿದುಕೊಂಡವು. ಆದರೆ ಒಬ್ಬನೇ ಎರಡು ಬ್ಯಾಂಕುಗಳಲ್ಲಿ ಸಾಲವೆತ್ತದಂತೆ ತಡೆಯುವ ಏರ್ಪಾಟು ಬಂದದ್ದು ತಿಂಗಳ ತರುವಾಯ. ಅಷ್ಟರಲ್ಲಿ ಸಾಲದ ಬಹುಭಾಗ ಕೈದಾಟಿತ್ತು. ಹಂಚಿದ್ದು ಸುಮಾರು 4,700 ಕೋಟಿ ಪೌಂಡು. ಅದರಲ್ಲಿ 490 ಕೋಟಿ ವಂಚಕರ ಪಾಲಾಗಿರಬಹುದೆಂಬ ಅಂದಾಜು 2021ರ ಡಿಸೆಂಬರಿನ ಲೆಕ್ಕಪರಿಶೋಧನಾ ವರದಿಯಲ್ಲಿ ಹೊರಬಿದ್ದಿತು. ವಂಚನೆ ತಡೆಯುವ ಹೊಣೆ ಹೊತ್ತಿದ್ದ ಸಚಿವ ಲಾರ್ಡ್ ಆಗ್ನ್ಯೂ, 2022ರ ಜನವರಿ 24ರಂದು ಲಾರ್ಡ್ಸ್ ಸಭೆಯಲ್ಲಿ ಸರ್ಕಾರದ ಪರವಾಗಿ ಉತ್ತರಿಸಲೆದ್ದವರು, ಈ ವೈಫಲ್ಯವನ್ನು ಸಮರ್ಥಿಸಲಾರೆನೆಂದು ಅಲ್ಲಿಯೇ ರಾಜೀನಾಮೆಯಿತ್ತು ಹೊರನಡೆದರು.

1861ರಲ್ಲಿ ಹುಟ್ಟಿದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಅಧಿಕಾರಿಗಳನ್ನು ಕರೆಸಿ ಪ್ರಶ್ನಿಸಿತು. ಇದರ ಅಧ್ಯಕ್ಷಪೀಠ ವಿರೋಧಪಕ್ಷಕ್ಕೆ ಸಲ್ಲುವುದು ಅಲ್ಲಿಯ ಸಂಪ್ರದಾಯ. ಯಾರನ್ನೂ ದಂಡಿಸುವ ಅಧಿಕಾರ ಸಮಿತಿಗಿಲ್ಲ. ಬಹಿರಂಗವಾಗಿ ಕೇಳುವ ಅಧಿಕಾರವುಂಟು. ಉತ್ತರಿಸಬೇಕಾದೀತೆಂಬ ಅಳುಕೇ ಬೊಕ್ಕಸಕ್ಕೆ ದೊಡ್ಡ ಕಾವಲು.

ಹೊಳೆಗೆ ಬಿದ್ದವನಿಗೆ ಹಗ್ಗವೆಸೆಯುವಾಗ ಜಾತಕ ಕೇಳಬಾರದು, ನಿಜ. ಆದರೆ ದಡದಲ್ಲಿ ನಿಂತವನು ಆ ಹಗ್ಗವನ್ನೇ ಹೊತ್ತೊಯ್ಯದಂತೆ ಒಬ್ಬರು ನೋಡಿಕೊಳ್ಳಬೇಕಷ್ಟೆ. ಹಗ್ಗ ತೆರಿಗೆ ಕೊಟ್ಟವರದು.